ಆಮೆಯ ಹಾಸಿಗೆಯ ಹದ

ಜಂಬ ಒಳ್ಳೆಯದಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರನ್ನು ನಾನು ಸ್ವಲ್ಪ ಗಮನಿಸಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಜಂಬಪಡುವುದಕ್ಕೆ ಏನೂ ಇರುವುದಿಲ್ಲ. ನನಗೆ ಇದೆ. ನನ್ನ ಬಣ್ಣ ಅಷ್ಟಕ್ಕಷ್ಟೆ, ಸ್ವರ ಭಜನೆಯ ಹಿಂದಿನ ಸಾಲಿಗೆ ಸಾಕಾಗುವಂಥದ್ದು, ಓದಿದ್ದು ಬೈಂದೂರಿನ ಹೈಸ್ಕೂಲಿನವರೆಗೆ. ಆದರೆ ನನ್ನ ಬಲಗೈ ಇದೆಯಲ್ಲ, ಅದರ ವಿಷಯದಲ್ಲಿ ಮಾತ್ರ ನಾನು ಯಾರ ಮುಂದೆಯೂ ತಲೆ ತಗ್ಗಿಸುವವಳಲ್ಲ. ಹದ ಎನ್ನುವುದು ಆ ಕೈಯಲ್ಲಿದೆ. ಇದು ನಾನು ಹೇಳುವ ಮಾತಲ್ಲ, ಊರು ಹೇಳುವ ಮಾತು. ಊರು ಹೇಳುವುದಕ್ಕೆ ಮರೆತಾಗ ನಾನು ಹೇಳುತ್ತೇನೆ, ಅಷ್ಟೆ.

ಹಲಸಿನ ಹಪ್ಪಳದ ಕಾಲ ಬಂತೆಂದರೆ ಬಿಜೂರಿನ ನಮ್ಮ ಮನೆಯ ಜಗಲಿಯಲ್ಲಿ ಹಿಟ್ಟಿನ ಪಾತ್ರೆಗಳು ಬಂದು ಕೂರುತ್ತವೆ. ಅಕ್ಕಪಕ್ಕದವರದ್ದು ಬಿಡಿ, ಒಂದು ವರ್ಷ ಕಿರಿಮಂಜೇಶ್ವರದಿಂದ ಒಬ್ಬರು ಕಾರಿನಲ್ಲಿ, ಮುಂದಿನ ಸೀಟಿನಲ್ಲಿ ಹಿಟ್ಟನ್ನು ಕೂರಿಸಿಕೊಂಡು, ತಾವು ಹಿಂದೆ ಕುಳಿತು ಬಂದಿದ್ದರು. ನಾನು ಬೆರಳು ಒತ್ತುತ್ತೇನೆ, ಚಿಟಿಕೆಯಷ್ಟು ತೆಗೆದು ಉರುಟಿ ನೋಡುತ್ತೇನೆ. ನೀರು ಹೆಚ್ಚಾದರೆ ಹಪ್ಪಳ ಬಾಳೆಲೆಗೆ ಅಂಟಿಕೊಂಡು ಬರುವುದಿಲ್ಲ, ಕಡಿಮೆಯಾದರೆ ಅಂಚು ಬಿರಿಯುತ್ತದೆ. "ಇನ್ನ್ ಚೂರ್ ಗುದ್ದಿ" ಎಂದರೆ ಅವರು ಹೋಗಿ ಗುದ್ದುತ್ತಾರೆ. "ಇದ್ ಹಪ್ಪಳ ಆಪ್ದಲ್ಲ, ದೋಸೆ ಹೊಯ್ಕಣಿ" ಎಂದರೆ ಮುಖ ಸಪ್ಪೆ ಮಾಡಿಕೊಂಡಾದರೂ ದೋಸೆಯನ್ನೇ ಹೊಯ್ಯುತ್ತಾರೆ. ಹೀಗೆ ನನ್ನ ಮಾತಿಗೆ ಎದುರಾಡದ ಜಾಗ ಭೂಮಿಯ ಮೇಲೆ ಅದೊಂದೇ ಇರುವುದರಿಂದ ನನಗೆ ಹಪ್ಪಳದ ಕಾಲದ ಮೇಲೆ ವಿಶೇಷ ಪ್ರೀತಿ.

ನಮ್ಮನೆಯವರು ಪುಣೆಯಲ್ಲಿ ಬಹಳ ಕಾಲ ಹೋಟೆಲು ನಡೆಸಿ ಈಗ ಊರಿಗೆ ಬಂದು ಗದ್ದೆ, ತೆಂಗಿನ ತೋಟ ನೋಡಿಕೊಂಡಿದ್ದಾರೆ. ಅವರಿಗೆ ಈ ಜಂಬ ಕಂಡರೆ ನಾಲಿಗೆ ತುರಿಸುತ್ತದೆ. "ಹೆಣೇ, ನಿನ್ನ್ ಕೈಗ್ ಇಪ್ಪು ಹದ ನಿನ್ನ್ ಬಾಯಿಗೂ ಇದ್ದಿದ್ರೆ ನಾನ್ ಇನ್ನೂ ಹತ್ತ್ ವರ್ಷ ಮೊದ್ಲೇ ಊರಿಗ್ ಬತ್ತಿದ್ದೆ" ಎನ್ನುತ್ತಾರೆ. ನಾನು ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಹೋಟೆಲಿನವರಿಗೆ ಗ್ರೈಂಡರು ಗೊತ್ತು, ಹದ ಎಲ್ಲಿ ಗೊತ್ತಿರುತ್ತದೆ?

ಇಷ್ಟೆಲ್ಲ ಪೀಠಿಕೆ ಏತಕ್ಕೆಂದರೆ, ಇಂಥ ನನ್ನ ಕೈಗೆ ಈ ವರ್ಷ ಒಂದು ಪರೀಕ್ಷೆ ಬಂತು. ಹಪ್ಪಳದಿಂದ ಅಲ್ಲ, ಕಡುಬಿನಿಂದ ಅಲ್ಲ, ಎರಡು ಆಮೆಗಳಿಂದ.

ನನ್ನ ತಮ್ಮ ಸುಧಾಕರ ಮುಂಬಯಿಯಲ್ಲಿದ್ದಾನೆ. ಅವನಿಗೂ ಹೋಟೆಲೇ. ನಮ್ಮ ತಾಯಿಗೆ ಮೈ ಹುಷಾರಿಲ್ಲದ ಕಾಲದಲ್ಲಿ ಹುಟ್ಟಿದವನಾದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ನಾನು. ದೊಡ್ಡವನಾದ ಮೇಲೆ ಅವನಿಗೆ ಅಕ್ಕನ ನೆನಪಾಗುವುದು ಚೌತಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ. ಅದೂ ಫೋನಿನಲ್ಲಿ, ಹಿಂದಿನಿಂದ ಯಾರೋ "ದೋ ಇಡ್ಲಿ, ಏಕ್ ವಡಾ" ಎಂದು ಕೂಗುವುದರ ನಡುವೆ. ಅವನಿಗೂ ಅವನ ಹೆಂಡತಿಗೂ ಮಕ್ಕಳಾಗಲಿಲ್ಲ. ಆ ಮಾತನ್ನು ಅವರು ಆಡುವುದಿಲ್ಲ, ನಾವು ಕೇಳುವುದಿಲ್ಲ. ಮದುವೆಯಾಗಿ ಕೆಲವು ವರ್ಷಗಳ ಮೇಲೆ ಅವರ ಮನೆಗೆ ಎರಡು ಆಮೆಗಳು ಬಂದವು. ಅಂದಿನಿಂದ ಅವರು ಎಲ್ಲಿಗೂ ಇಬ್ಬರೂ ಒಟ್ಟಿಗೆ ಹೋಗುವುದಿಲ್ಲ. ಒಬ್ಬರು ಆಮೆಯ ಹತ್ತಿರ ಇರಲೇಬೇಕು. ನಾವು ಇಲ್ಲಿ ನಗುತ್ತಿದ್ದೆವು.

ಈ ವರ್ಷ ಅವನಿದ್ದ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಏರ್ಪಾಡಾಯಿತು. ಅಲ್ಲಿಯವರೆಗೆ ಇರಲು ಹಿಡಿದ ಬಾಡಿಗೆ ಮನೆಯವರು, ನಾಯಿ ಬೆಕ್ಕು ಯಾವುದೂ ಕೂಡದು, ಆಮೆಯಂತೂ ಕೂಡಲೇ ಕೂಡದು ಎಂದರಂತೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಸುಧಾಕರ ಕಾರಿನಲ್ಲಿ ಬಂದಿಳಿದ. ಡಿಕ್ಕಿಯಲ್ಲಿ ಸಾಮಾನು, ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒದ್ದೆ ಟವೆಲಿನ ಮೇಲೆ ಎರಡು ಆಮೆಗಳು. ಕರಿಯ ಚಿಪ್ಪು, ಚಿಪ್ಪಿನ ಮೇಲೆ ಹಳದಿ ಬೊಟ್ಟು, ಕಾಲಿನ ಮೇಲೆ ಯಾರೋ ಕುಂಕುಮ ಚೆಲ್ಲಿದ ಹಾಗೆ ಕೆಂಪು ಕೆಂಪು. ದೊಡ್ಡದರ ಹೆಸರು ವಡಾ, ಸಣ್ಣದರ ಹೆಸರು ಪಾವ್. ಮುಂಬಯಿಯ ಹೋಟೆಲಿನವನು ಬೇರೆ ಏನು ಹೆಸರಿಟ್ಟಾನು?

ನಮ್ಮನೆಯವರು ಮೊದಲು ಹೆದರಿದರು. ನಮ್ಮ ಗದ್ದೆ ಹೊಳೆಯ ಆಮೆಯನ್ನು ಮನೆಯಲ್ಲಿಟ್ಟುಕೊಂಡರೆ ಅರಣ್ಯ ಇಲಾಖೆಯವರು ನಮ್ಮನ್ನೇ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತು. "ಹೆದ್ರ್‌ಬೇಡಿ ಭಾವ, ಇದ್ ನಮ್ಮ್ ದೇಶದ್ದಲ್ಲ, ದೂರದ್ದ್. ಕಾಗ್ದ ಪತ್ರ ಎಲ್ಲ ಸಮ ಇತ್ತ್, ಇಲ್ಲಿಗ್ ತಕಂಡ್ ಬಪ್ಪುದನ್ನೂ ಇಲಾಖೆಗ್ ತಿಳ್ಸಿದ್ದೆ" ಎಂದು ತಮ್ಮ ಸಮಾಧಾನ ಮಾಡಿದ. ದೂರದ ದೇಶದ ಮಳೆಕಾಡಿನವಂತೆ. ನೀರಿನಲ್ಲಿ ಈಜುವ ಜಾತಿಯಲ್ಲ, ನೆಲದ ಮೇಲೆ ನಡೆದು, ಕಾಡಿನ ತರಗೆಲೆಯ ಅಡಿಯಲ್ಲಿ ಹುದುಗಿ ಮಲಗುವ ಜಾತಿ. ಆದ್ದರಿಂದ ಅವುಗಳ ಹಾಸಿಗೆ ಬಹಳ ಮುಖ್ಯ ಎಂದು ತಮ್ಮ ಶುರುಮಾಡಿದ. ಹಾಸು ಒಣಗಿದರೆ ಚಿಪ್ಪು ಗುಬುಟು ಗುಬುಟಾಗಿ ಬೆಳೆಯುತ್ತದೆ, ಮೂಗು ಸೋರುತ್ತದೆ. ಒದ್ದೆಯಾದರೆ ಹೊಟ್ಟೆಯ ಕಡೆಯ ಚಿಪ್ಪು ಕೊಳೆಯುತ್ತದೆ. ಮೇಲೆ ಒಣಗಿರಬೇಕು, ಅಡಿಯಲ್ಲಿ ತೇವ ಇರಬೇಕು. ತಾನು ತಂದಿದ್ದ ತೆಂಗಿನ ನಾರಿನ ಪುಡಿಯನ್ನು ನೀರಿನಲ್ಲಿ ಕಲಸಿ ನನ್ನ ಕಣ್ಣೆದುರಿಗೆ ಹಿಡಿದ.

"ಅಕ್ಕ, ಕಾಣ್. ಮುಷ್ಟೀಲಿ ಹಿಡ್ದ್ ಹಿಂಡ್ರೆ ಉಂಡಿ ಆಯ್ಕ್, ಆರೆ ನೀರ್ ಇಳುಕಾಗ. ಬೆರ್ಳಲ್ಲಿ ಮುಟ್ರೆ ಉದುರ್ಕ್."

ಉಂಡೆಯಾಗಬೇಕಂತೆ, ನೀರು ಇಳಿಯಬಾರದಂತೆ, ಮುಟ್ಟಿದರೆ ಉದುರಬೇಕಂತೆ! ನನ್ನ ಮೈಯೆಲ್ಲ ಉರಿದುಹೋಯಿತು. "ತಮ್ಮಾ, ನೀನ್ ಅಂಬೆಗಾಲ್ ಇಡುವತ್ತಿಗೇ ನಾನ್ ಹಪ್ಪಳದ್ ಹಿಟ್ಟ್ ಮಾಡ್ತಿದ್ದೆ. ನಂಗ್ ಹದ ಕಲ್ಸುಕ್ ಬಂದ್ಯಾ?"

ಅವನು ನಕ್ಕ. ಆಮೆಗಳಿಗೆಂದು ತೆರವು ಮಾಡಿದ್ದ ದನದ ಹಟ್ಟಿಯ ಗೋಡೆಗೆ ತೇವ ತೋರಿಸುವ ಒಂದು ಮೀಟರನ್ನು ತೂಗುಹಾಕಿದ. ಹೊರಡುವ ಹೊತ್ತಿಗೆ ಕಾರಿನ ಬಾಗಿಲು ಹಾಕಿದವನು ಮತ್ತೆ ತೆಗೆದು, ಕೆಳಗಿಳಿದು, ಹಳೆಯ ಹಟ್ಟಿಗೆ ಹೋಗಿ ಆಮೆಗಳನ್ನು ನೋಡಿ ಬಂದ. ಹೀಗೆ ಮತ್ತೂ ಒಂದು ಸಲ ಹೋದ. "ಅಕ್ಕ, ಬೇರೆ ಯಾರ್ ಕೈಯಗ್ ಕೊಟ್ರೂ ನಂಗ್ ಧೈರ್ಯ ಇಲ್ಲೆ. ನಿನ್ನ್ ಕೈ ಅಂದ್ ಹೋತಾ ಇದ್ದೆ" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನನಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ ಹೆಮ್ಮೆ. ಯಾವುದು ಹೆಚ್ಚು ಎಂದು ಕೇಳಿದರೆ ಸತ್ಯವನ್ನೇ ಹೇಳಬೇಕಾಗುತ್ತದೆ, ಹೆಮ್ಮೆಯೇ ಹೆಚ್ಚು.

ದನ ಕಟ್ಟುವುದು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಹಟ್ಟಿಯಲ್ಲಿ ಹಲಗೆ ಕಟ್ಟಿ ಅವುಗಳಿಗೆ ಅಂಗಳ ಮಾಡಿದ್ದೆವು. ಬೆಳಿಗ್ಗೆ ದಾಸವಾಳದ ಎಲೆ, ಹೂವು, ಹಣ್ಣಾದ ಪಪ್ಪಾಯಿ. ತಮ್ಮ ತಂದಿದ್ದ ಪುಡಿ ಇದ್ದಷ್ಟು ದಿನ ಎಲ್ಲವೂ ಸುಖವಾಗಿತ್ತು. ಹಾಸನ್ನು ಆಗಾಗ ಬದಲಿಸಬೇಕಲ್ಲ, ಅದು ಮುಗಿಯಿತು. ಕುಂದಾಪುರದ ನರ್ಸರಿಯಲ್ಲಿ ಪ್ಯಾಕೆಟ್ ಸಿಗುತ್ತದೆ ಎಂದರು ನಮ್ಮನೆಯವರು. ನನಗೆ ನಗು ಬಂತು. ಸುತ್ತ ತೆಂಗಿನ ತೋಟ ಇಟ್ಟುಕೊಂಡು ತೆಂಗಿನ ಪುಡಿಯನ್ನು ಪ್ಯಾಕೆಟಿನಲ್ಲಿ ತರುವುದೆಂದರೆ ನಾಲ್ಕು ಜನ ಕೇಳಿದರೆ ಏನೆಂದಾರು? ನನ್ನ ತವರುಮನೆ ತ್ರಾಸಿಯ ಕಡೆ. ಅಲ್ಲಿ ಹೊಳೆಯ ನೀರಿನಲ್ಲಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ನೆನೆಹಾಕಿ, ಬಡಿದು, ಹಗ್ಗಕ್ಕೆ ನಾರು ತೆಗೆಯುವವರು ಈಗಲೂ ಒಂದಿಬ್ಬರು ಇದ್ದಾರೆ. ನಾರು ತೆಗೆದ ಮೇಲೆ ಉಳಿಯುವ ಪುಡಿ ದಡದಲ್ಲಿ ರಾಶಿ ಬಿದ್ದಿರುತ್ತದೆ. ಚಿಕ್ಕಂದಿನಲ್ಲಿ ನಾವು ಆ ರಾಶಿಯ ಮೇಲಿಂದ ಜಾರಿ ಆಡಿದವರು. ಹೋಗಿ ನಾಲ್ಕಾರು ಗೋಣಿ ತುಂಬಿಸಿಕೊಂಡು ಬಂದೆ. ಕಂದು ಬಣ್ಣ, ರವೆಯಂಥ ಪುಡಿ, ಕೈಗೆ ಮೆತ್ತಗೆ. ತವರುಮನೆಯ ಸಾಮಾನು ಎಂದ ಮೇಲೆ ಅದರಲ್ಲಿ ತಪ್ಪು ಹುಡುಕುವ ಹೆಂಗಸನ್ನು ನಾನಂತೂ ಕಂಡಿಲ್ಲ.

ಆ ಪುಡಿ ಹಾಸಿದ ಮರುದಿನದಿಂದಲೇ ನನ್ನ ಕಷ್ಟ ಶುರುವಾಯಿತು. ಸಂಜೆ ಒಳ್ಳೆಯ ಹದದಲ್ಲಿ ಹಾಸಿದ್ದು ಬೆಳಿಗ್ಗೆ ಹೋಗಿ ನೋಡಿದರೆ ಮೇಲೆಲ್ಲ ಒದ್ದೆ. ನೀರು ಹೆಚ್ಚಾಯಿತೇನೋ ಎಂದು ಮರುದಿನ ಕಡಿಮೆ ಮಾಡಿದೆ. ಮತ್ತೂ ಒದ್ದೆ. ನೀರೇ ಹಾಕದೆ ಬಿಟ್ಟೆ. ಆಗಲೂ ಬೆಳಗಾದರೆ ಅದು ಬೆವರಿದ ಹಾಗೆ ಇರುತ್ತಿತ್ತು. ಅಂಗಳದಲ್ಲಿ ಚಾಪೆ ಹಾಸಿ, ಭತ್ತ ಒಣಗಿಸುವ ಹಾಗೆ ಕಾಲಿನಲ್ಲಿ ಗೀರಿ ಗೀರಿ ಒಣಗಿಸಿದೆ. ಮಧ್ಯಾಹ್ನಕ್ಕೆ ಗರಿಗರಿ, ಹಟ್ಟಿಗೆ ತಂದು ಹಾಸಿದರೆ ಬೆಳಿಗ್ಗೆ ಮತ್ತೆ ಅದೇ. ಹೊರಗೆ ಸುಡುವ ಬಿಸಿಲು, ಬಾವಿಯ ನೀರು ತಳ ಕಂಡಿದೆ, ನಮ್ಮ ಆಮೆಗಳು ಮಾತ್ರ ಕೆಸರಿನಲ್ಲಿ ಮಲಗಿವೆ. ಗೋಡೆಯ ಮೀಟರು ತೇವ ಹೆಚ್ಚು ಎಂದಿತು. ಅದು ಹೇಳಬೇಕೇ? ನನಗೂ ಕೈ ಇದೆ. ಸಿಟ್ಟಿನಿಂದ ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ.

ಪಕ್ಕದ ಮನೆಯ ಬೇಬಿ ದಿನಕ್ಕೊಂದು ಸಲ ಬಂದು ನೋಡಿ ಹೋಗುವಳು. ಬೇಬಿ ಹೆಸರಿಗೆ ಬೇಬಿ, ಸೊಸೆ ಬಂದಿದ್ದಾಳೆ. ಅವಳ ಹಪ್ಪಳವೂ ಚೆನ್ನಾಗಿಯೇ ಇರುತ್ತದೆ ಎಂದು ಕೆಲವರು ಹೇಳುತ್ತಾರೆ. ಹೇಳುವವರ ಬಾಯಿಯನ್ನು ಕಟ್ಟಲಾಗುತ್ತದೆಯೇ? ಹಟ್ಟಿಯ ಬಾಗಿಲಲ್ಲಿ ನಿಂತು, "ಗಿರಿಜಕ್ಕ, ಬೂದಿ ಹಾಕಿ ಕಾಣಿ" ಎಂದಳು. ಇನ್ನೊಂದು ದಿನ, "ಸುಣ್ಣ ಹಾಕಿ ಕಾಣಿ" ಎಂದಳು. ಆಮೆ ಸಾಕುತ್ತಿದ್ದೇನೋ ವೀಳ್ಯ ಹಾಕುತ್ತಿದ್ದೇನೋ ಎಂದು ನನಗೇ ಅನುಮಾನ ಬಂತು. ಹೊರಡುವಾಗ ಅವಳು ಮೆಲ್ಲನೆ, "ನಿಮ್ಗೂ ಹದ ಸಿಕ್ದೆ ಇಪ್ಪುದ್ ಇತ್ತಲೆ, ಅಷ್ಟೇ ಸಮಾಧಾನ" ಎಂದು ಒಂದು ಮಾತು ಬಿಟ್ಟುಹೋದಳು. ಆ ಮಾತು ಇಡೀ ದಿನ ನನ್ನ ಕಿವಿಯಲ್ಲಿ ಕೂತಿತ್ತು.

ಬೇಬಿಯ ಮಾತಿಗೆ ನಾನು ಹೇಗೋ ಉಪಾಯ ಹುಡುಕುತ್ತಿದ್ದೆ. ಆದರೆ ಒಂದು ಬೆಳಿಗ್ಗೆ ಪಾವ್ ತಿನ್ನುವುದಕ್ಕೆ ಬರಲಿಲ್ಲ. ಪಪ್ಪಾಯಿಯ ವಾಸನೆಗೆ ಕತ್ತು ಉದ್ದ ಮಾಡಿ ಓಡಿ ಬರುವ ಪ್ರಾಣಿ (ಆಮೆಯ ಓಟ ಎಂದರೆ ನಗಬೇಡಿ, ಹಸಿದಾಗ ಓಡುತ್ತವೆ) ಮೂಲೆಯಲ್ಲಿ ಸುಮ್ಮನೆ ಇತ್ತು. ಎತ್ತಿ ಅಂಗಾತ ಹಿಡಿದು ನೋಡಿದೆ. ಹೊಟ್ಟೆಯ ಚಿಪ್ಪಿನಲ್ಲಿ ಅಲ್ಲಲ್ಲಿ ಬಿಳಿ ಮಚ್ಚೆ, ಒತ್ತಿದರೆ ಒಂದು ಕಡೆ ಮೆತ್ತಗೆ, ಒಂದು ಥರದ ವಾಸನೆ. ನನಗೆ ಭಯವಾಯಿತು. ಕಾರಿನಿಂದ ಮತ್ತೆ ಮತ್ತೆ ಇಳಿದು ಹಟ್ಟಿಗೆ ಹೋದ ತಮ್ಮನ ಮುಖ ಕಣ್ಣಮುಂದೆ ಬಂತು. ಬೇರೆಯವರ ಹಿಟ್ಟು ಹಾಳಾದರೆ ದೋಸೆ ಹೊಯ್ಯಿರಿ ಎನ್ನಬಹುದು. ಇದಕ್ಕೆ ಏನು ಹೇಳುವುದು?

ಕುಂದಾಪುರದಿಂದ ಪಶುವೈದ್ಯರನ್ನು ಕರೆಸಿದೆವು. ದನ, ನಾಯಿ ನೋಡಿ ಪಳಗಿದವರು. ಆಮೆಯನ್ನು ಕೈಯಲ್ಲಿ ಹಿಡಿದು ಯಾವ ಕಡೆಯಿಂದ ಶುರುಮಾಡುವುದು ಎಂದು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಯಾರಿಗೋ ಫೋನು ಮಾಡಿ ಕೇಳಿ, ಚಿಪ್ಪನ್ನು ಒರೆಸಿ, ಮದ್ದು ಹಚ್ಚಿದರು. ಪಾವನ್ನು ಸದ್ಯಕ್ಕೆ ಒಣ ಬಟ್ಟೆಯ ಮೇಲಿಡಲು ಹೇಳಿದರು. "ಅಮ್ಮ, ಮದ್ದ್ ನಾನ್ ಕೊಡ್ತೆ. ಆರೆ ಹಾಸ್ ಸಮ ಆಗ್ದೆ ಇದ್ರೆ ಮದ್ದ್ ಹಚ್ಚಿ ಎಂತ ಪ್ರಯೋಜ್ನ ಇಲ್ಲೆ" ಎಂದರು. ವಡಾದ ಚಿಪ್ಪು ಗಟ್ಟಿಯಾಗಿಯೇ ಇತ್ತು, ಪಾವಿಗೆ ಮಾತ್ರ ಹಟ್ಟಿಯಿಂದ ನಮ್ಮ ಚಾವಡಿಗೆ ವರ್ಗವಾಯಿತು. ನಮ್ಮನೆಯವರ ಹಳೆಯ ಪಂಚೆಯ ಮೇಲೆ ಅದು, ಪಕ್ಕದ ಕುರ್ಚಿಯಲ್ಲಿ ಅವರು, ಇಬ್ಬರೂ ಮಾತಿಲ್ಲದೆ ಟಿ.ವಿ. ನೋಡುತ್ತಿದ್ದರು.

ತಮ್ಮನಿಗೆ ವಿಷಯ ಹೇಳಿದೆ. ಮುಚ್ಚಿಡಬಹುದಿತ್ತು, ಆಗಲಿಲ್ಲ. ಬಯ್ಯುತ್ತಾನೆ ಎಂದುಕೊಂಡೆ. "ಅಕ್ಕ, ನೀನ್ ಹೆದ್ರ್‌ಬೇಡ. ಮದ್ದ್ ಹಚ್ಚ್, ನಾನ್ ದಿನಾ ಫೋನ್ ಮಾಡ್ತೆ" ಎಂದ. ಅವನು ಬಯ್ದಿದ್ದರೆ ನಾನು ತಿರುಗಿ ಬಯ್ದು ಹಗುರಾಗುತ್ತಿದ್ದೆ. ಅವನು ನನಗೇ ಸಮಾಧಾನ ಹೇಳಿದ್ದು ಬಹಳ ನೋಯಿಸಿತು. ಅಂದಿನಿಂದ ಪ್ರತಿ ಸಂಜೆ ವಿಡಿಯೋ ಕಾಲು. ಅವನು ಪಾವನ್ನು ನೋಡುವುದು, ಪಾವ್ ಎತ್ತಲೋ ನೋಡುವುದು, ನಾನು ನೆಲ ನೋಡುವುದು.

ಅಷ್ಟರಲ್ಲಿ ಮಳೆ ಬಂತು. ಮೊದಲ ಮಳೆಯೊಂದಿಗೆ ನಮ್ಮ ಕಡೆಯ ಮನೆಗಳಲ್ಲಿ ಏನೇನಾಗುತ್ತದೆ ಎಂದು ನಿಮಗೆ ಗೊತ್ತಿರಬಹುದು: ಬಾಗಿಲು ಊದಿಕೊಂಡು ಹಾಕಲಾಗುವುದಿಲ್ಲ, ಬೆಂಕಿಪೆಟ್ಟಿಗೆ ಹೊತ್ತುವುದಿಲ್ಲ, ಚಪ್ಪಲಿಗೆ ಬೂಸ್ಟು. ಸಂಜೆ ಸಾರಿಗೆಂದು ಕಲ್ಲುಪ್ಪಿನ ಭರಣಿಗೆ ಕೈ ಹಾಕಿದೆ. ಉಪ್ಪು ನೀರು ಬಿಟ್ಟಿತ್ತು. ಪ್ರತಿ ವರ್ಷ ಬಿಡುತ್ತದೆ, ಅದರಲ್ಲಿ ಹೊಸತೇನಿಲ್ಲ. ಆದರೆ ಬೆರಳಿಗೆ ಅದು ಅಂಟಿಕೊಂಡ ರೀತಿ ಇದೆಯಲ್ಲ, ಜಾರುವ ಹಾಗೆ, ಜಿಗುಟಿನ ಹಾಗೆ, ಒರೆಸಿದರೂ ಹೋಗದ ಹಾಗೆ, ಆ ಒದ್ದೆಯನ್ನು ನನ್ನ ಕೈ ಥಟ್ಟನೆ ಗುರುತು ಹಿಡಿಯಿತು. ಇದು ನೀರಿನ ಒದ್ದೆಯಲ್ಲ. ಹಟ್ಟಿಯ ಹಾಸಿನ ಒದ್ದೆಯೂ ಇದೇ! ಬೇಸಿಗೆಯಲ್ಲಿ ಸಮುದ್ರದ ನೀರು ತ್ರಾಸಿಯ ಹೊಳೆಯೊಳಗೆ ಏರಿ ಬರುತ್ತದೆ. ಆ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ನೆನೆದ ಸಿಪ್ಪೆಯ ಪುಡಿ ಅದು. ನಾನು ಬಿಸಿಲಿಗೆ ಒಣಗಿಸಿದಷ್ಟೂ ಅದು ರಾತ್ರಿಯ ಗಾಳಿಯಿಂದ ತೇವ ಕುಡಿಯುತ್ತಿತ್ತು.

ಒಲೆಯ ಮೇಲಿನ ಸಾರನ್ನು ಹಾಗೆಯೇ ಬಿಟ್ಟು ಹಟ್ಟಿಗೆ ಓಡಿದೆ. ಅನುಮಾನ ಖಚಿತವಾಗಬೇಕಲ್ಲ? ಉಪ್ಪು ಇದೆಯೋ ಇಲ್ಲವೋ ಎಂದು ತಿಳಿಯಲು ಅಡಿಗೆಯವಳಿಗೆ ಗೊತ್ತಿರುವ ದಾರಿ ಒಂದೇ. ಹಾಸಿನಿಂದ ಚಿಟಿಕೆ ಪುಡಿ ತೆಗೆದು ನಾಲಿಗೆಯ ಮೇಲಿಟ್ಟುಕೊಂಡೆ. ಉಪ್ಪೇ! ಸಂಶಯ ಉಳಿಯಬಾರದೆಂದು ಇನ್ನೊಂದು ಮೂಲೆಯಿಂದ ತೆಗೆದು ಇನ್ನೊಂದು ಸಲ ಇಟ್ಟುಕೊಂಡೆ. ಅಲ್ಲಿಯೂ ಉಪ್ಪು. ಕಣ್ಣು ಮುಚ್ಚಿ ಚಪ್ಪರಿಸುತ್ತ ತಲೆಯಾಡಿಸುತ್ತಿದ್ದಾಗ ಹಿಂದಿನಿಂದ ತಮ್ಮನ ಸ್ವರ ಕೇಳಿತು.

"ಅಕ್ಕಾ! ಎಂತ ತಿಂಬುದ್ ಅದ್?"

ಸಂಜೆಯ ವಿಡಿಯೋ ಕಾಲಿನ ಹೊತ್ತು. ನಮ್ಮನೆಯವರು ನನ್ನನ್ನು ಹುಡುಕಿಕೊಂಡು ಫೋನು ಹಿಡಿದು ಬಂದಿದ್ದರು. ಅವರ ಹಿಂದೆ, ಕರಿಬೇವು ಕೇಳಲು ಬಂದ ಬೇಬಿ. ಬಾಯಿ ತುಂಬ ಆಮೆಯ ಹಾಸಿಗೆ ಇಟ್ಟುಕೊಂಡು ನಾನು ಏನೆಂದು ಉತ್ತರ ಕೊಡಲಿ? ನಮ್ಮನೆಯವರೇ ನನ್ನ ಪರವಾಗಿ ಉತ್ತರಿಸಿದರು. "ಎಂತ ಇಲ್ಲೆ ಮಾರಾಯ. ಹಾಸ್ಗಿಗ್ ಉಪ್ಪ್ ಖಾರ ಸಮ ಇತ್ತಾ ಕಾಂಬುದ್ ನಿನ್ನ್ ಅಕ್ಕ."

ಆಮೇಲಿನ ಕೆಲಸ ನನಗೆ ಬಿಡಿ. ವಡಾವನ್ನೂ ಚಾವಡಿಗೆ ಸಾಗಿಸಿ, ಪುಡಿಯನ್ನೆಲ್ಲ ಗೋಣಿಗೆ ತುಂಬಿಸಿ ಹೆಂಚಿನ ಮಾಡಿನ ನೀರು ಧಾರೆಯಾಗಿ ಬೀಳುವಲ್ಲಿ ಇಟ್ಟೆ. ಆಕಾಶದ ನೀರು, ದುಡ್ಡಿಲ್ಲ, ಕಾಸಿಲ್ಲ. ಗೋಣಿಯನ್ನು ಮಗುಚಿ, ತುಳಿದು, ಹಿಂಡಿ, ಮತ್ತೆ ಧಾರೆಗೆ ಹಿಡಿದೆ. ಪ್ರತಿ ಸಲವೂ ಚಿಟಿಕೆ ನಾಲಿಗೆಗೆ. ಒಂದು ಸಲ ಅದರಲ್ಲಿ ಬೇರೆ ಏನಿತ್ತು ಎಂದು ನೆನಪಾಗಿ ಓಡಿಹೋಗಿ ಬಾಯಿ ಮುಕ್ಕಳಿಸಿದ್ದೂ ಉಂಟು. ಆಮೆಗಳು ಪ್ರತ್ಯೇಕ ಕಕ್ಕಸು ಕಟ್ಟಿಸಿಕೊಂಡಿರಲಿಲ್ಲ. ಆದರೂ ಬಿಡಲಿಲ್ಲ. ಕೊನೆಗೊಂದು ದಿನ ನಾಲಿಗೆಗೆ ಬರಿಯ ನಾರಿನ ರುಚಿ ಬಂತು. ಬಚ್ಚಲಿನ ಹಂಡೆಯ ಒಲೆಯ ಹತ್ತಿರ ಹರಡಿ ಒಣಗಿಸಿದೆ, ಹಲಸಿನ ತರಗೆಲೆಯನ್ನು ಮುರಿದು ಬೆರೆಸಿದೆ. ಆಗ ಇನ್ನೊಂದು ವಿಷಯ ಕಲಿತೆ. ಮಳೆಗಾಲದಲ್ಲಿ ನೀರನ್ನು ನಾವು ಕೊಡಬೇಕಾಗಿಲ್ಲ, ಗಾಳಿಯೇ ತಂದು ಕೊಡುತ್ತದೆ. ಬೇಡ ಎನ್ನುವುದಷ್ಟೇ ನಮ್ಮ ಕೆಲಸ. ಆದ್ದರಿಂದ ಅಡಿಯ ಪದರಕ್ಕೆ ಮಾತ್ರ ಒಂದು ಬೊಗಸೆ ನೀರು, ಮೇಲೆ ಒಣ ಎಲೆ. ಮರುದಿನ ಬೆಳಿಗ್ಗೆ ಹೋಗಿ ಕೈ ಹಾಕಿ ಹಿಂಡಿದೆ. ಉಂಡೆ ಕೂತಿತು. ನೀರು ಇಳಿಯಲಿಲ್ಲ. ಬೆರಳು ತಾಗಿಸಿದೊಡನೆ ಉದುರಿತು. ನನಗೆ ಅಲ್ಲಿಯೇ ಕುಣಿಯುವಷ್ಟು ಸಂತೋಷವಾಯಿತು. ಗೋಡೆಯ ಮೀಟರನ್ನು ಈ ಕಡೆಗೆ ತಿರುಗಿಸಿದೆ. ಅದೂ ನನ್ನ ಮಾತನ್ನು ಒಪ್ಪಿತು.

ಪಾವಿನ ಚಿಪ್ಪು ಮೆಲ್ಲಮೆಲ್ಲನೆ ಗಟ್ಟಿಯಾಯಿತು. ಬಿಳಿ ಮಚ್ಚೆ ಒಣಗಿ ಉದುರಿತು. ಚಾವಡಿಯಿಂದ ಹಟ್ಟಿಗೆ ಹಿಂತಿರುಗಿದ ದಿನ ಅದು ಸುತ್ತಲೂ ನೋಡಿ, ಮುಂಗಾಲಿನಿಂದ ಹಾಸನ್ನು ತೋಡಿ, ಚಿಪ್ಪಿನ ನೆತ್ತಿಯೊಂದೇ ಕಾಣುವ ಹಾಗೆ ಒಳಗೆ ಹುದುಗಿ ಮಲಗಿತು. ಇಷ್ಟು ವರ್ಷದಲ್ಲಿ ಎಷ್ಟು ಜನ ನನ್ನ ಹಪ್ಪಳ ತಿಂದಿದ್ದಾರೆ, ಒಬ್ಬರೂ ಹೀಗೆ ಬಾಯಿ ಬಿಡದೆ ಹೊಗಳಿರಲಿಲ್ಲ. ಬೇಬಿಯನ್ನು ಕರೆದು ತೋರಿಸಿದೆ. ಊರೆಲ್ಲ ಕರೆದು ತೋರಿಸಿದೆ. ತೋರಿಸುವುದೆಂದರೆ ಹಾಸಿಗೆ ಕೈ ಹಾಕಿ ಹಿಂಡಿ ಉಂಡೆ ಮಾಡಿ ತೋರಿಸುವುದು. ಇದರಿಂದ ಒಂದು ಸಣ್ಣ ನಷ್ಟವೂ ಆಯಿತು. ಬೇಬಿ ಕಡುಬಿನ ಹಿಟ್ಟು ತಂದವಳು ನಾನು ಕೈ ನೀಡುವ ಮೊದಲೇ ಪಾತ್ರೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, "ಗಿರಿಜಕ್ಕ, ಬೇಜಾರ್ ಮಾಡ್ಕಣ್ಬೇಡಿ, ಕೈ ತೊಳ್ಕಂಡ್ರ್ಯಾ?" ಎಂದಳು. ತೊಳೆದೆ. ಸೋಪು ಹಾಕಿಯೇ ತೊಳೆದೆ. ಆದರೂ ಅವಳು ಹಿಟ್ಟನ್ನು ಚಮಚದಲ್ಲಿ ತೆಗೆದು ತೋರಿಸಿದಳು.

ಚೌತಿಗೆ ತಮ್ಮ ಬಂದ. ಮನೆ ಇನ್ನೂ ಆಗಿರಲಿಲ್ಲವಂತೆ, ಆದರೆ ಆಮೆಗೆ ಅಡ್ಡಿ ಹೇಳದ ಬೇರೊಂದು ಬಾಡಿಗೆ ಮನೆ ಹುಡುಕಿಕೊಂಡಿದ್ದ. ಇನ್ನು ಬಿಟ್ಟಿರಲಾಗುವುದಿಲ್ಲ ಎಂದ. ನಾನು ಹಿಂದಿನ ದಿನವೇ ಹಾಸನ್ನು ಸಿದ್ಧಪಡಿಸಿಟ್ಟಿದ್ದೆ. ಮನೆಗೆ ನೆಂಟರು ಬರುತ್ತಾರೆಂದು ನಾನು ಅಷ್ಟು ಕಷ್ಟಪಟ್ಟದ್ದೇ ಇಲ್ಲ. ಕಾರಿನಿಂದ ಇಳಿದವನು ಕಾಲು ತೊಳೆಯದೆ ಹಟ್ಟಿಗೆ ಹೋದ. ಪಾವನ್ನು ಎತ್ತಿದ, ಹೊಟ್ಟೆಯ ಕಡೆ ನೋಡಿದ, ಹೆಬ್ಬೆರಳಿನಿಂದ ಒತ್ತಿ ನೋಡಿದ, ಎದೆಗೆ ಆನಿಸಿಕೊಂಡ. "ಅಕ್ಕ, ನಾನ್ ಇದ್ರ್ ಆಸಿ ಬಿಟ್ಟಿದ್ದೆ" ಎಂದು ಅದರ ಚಿಪ್ಪನ್ನು ತನ್ನ ಅಂಗಿಯ ಅಂಚಿನಿಂದಲೇ ಒರೆಸಿದ. ನಾನೂ ಅದರ ನೆತ್ತಿಯನ್ನು ಒಮ್ಮೆ ಸವರಿದೆ. ಹಾಗೆಂದು ನಾನು ಮುಖ್ಯ ವಿಷಯವನ್ನು ಮರೆಯಲಿಲ್ಲ. "ಹಾಸ್ ಕಾಣ್" ಎಂದೆ.

ಅವನು ಕೈ ಹಾಕಿ ಹಿಡಿ ತುಂಬ ತೆಗೆದು ಹಿಂಡಿದ. ಮುಷ್ಟಿ ಬಿಚ್ಚಿದ. ಉಂಡೆ ಕೂತಿತ್ತು. "ಲಾಯ್ಕಿತ್ತ್ ಅಕ್ಕ" ಎಂದ. ನಾನು ನಮ್ಮನೆಯವರ ಕಡೆ ಒಂದು ನೋಟ ನೋಡಿ ಎದೆಯುಬ್ಬಿಸಿದೆ. ಅಷ್ಟರಲ್ಲಿ ಈ ಮನುಷ್ಯ ಪಕ್ಕದಲ್ಲಿದ್ದ ಚೊಂಬಿನಿಂದ ನಾಲ್ಕು ಹನಿ ನೀರನ್ನು ಅಂಗೈಗೆ ಹಾಕಿಕೊಂಡು ಹಾಸಿನ ಮೇಲೆ ಚಿಮುಕಿಸಿ, ಕೈಯಾಡಿಸಿ, "ಈಗಳ್ ಸಮ ಆಯ್ತ್" ಎಂದುಬಿಟ್ಟ!

ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮ. ನಾನು ನಾಲಿಗೆಯಲ್ಲಿ ಹದ ಮಾಡಿದ ಹಾಸು. ಅದಕ್ಕೆ ಅವನ ನಾಲ್ಕು ಹನಿ! ಅವನು ಸ್ನಾನಕ್ಕೆ ಹೋಗುವುದನ್ನೇ ಕಾದು, ಒಬ್ಬಳೇ ಹಟ್ಟಿಗೆ ಹೋಗಿ ಕೈ ಹಾಕಿ ಹಿಂಡಿದೆ. ಇನ್ನೊಂದು ಮೂಲೆಯಿಂದ ತೆಗೆದು ಮತ್ತೂ ಒಂದು ಸಲ ಹಿಂಡಿದೆ. ಅಂದು ಮಳೆ ಬಿಟ್ಟು ಗಾಳಿ ಒಣಗಿತ್ತು, ನನ್ನ ಲೆಕ್ಕ ನಿನ್ನೆಯದಾಗಿತ್ತು. ಆ ನಾಲ್ಕು ಹನಿ ಬೇಕಿತ್ತು. ನನ್ನ ಕೈಗೆ ಅದು ಕೂಡಲೇ ತಿಳಿಯಿತು, ಸುಳ್ಳು ಹೇಳುವುದು ಅದಕ್ಕೆ ಬರುವುದಿಲ್ಲ. ಆದರೆ ಬಾಯಿ ಬೇರೆಯೇ ಅಂಗ. ಊಟಕ್ಕೆ ಕೂತಾಗ, "ನೀನ್ ನೀರ್ ಹಾಕಿ ಹಾಳ್ ಮಾಡಿದ್ದೆ, ನಾನ್ ಮತ್ ಹೋಯಿ ಸಮ ಮಾಡ್ದೆ" ಎಂದು ಅದು ತಾನಾಗಿ ಹೇಳಿತು. ತಮ್ಮ ನಂಬಿದ. ಹೋಳಿಗೆ ಹಿಡಿದ ಕೈಯಲ್ಲೇ ನನಗೆ ನಮಸ್ಕಾರ ಮಾಡಿದ.

ಈಗ ಆಮೆಗಳು ಮುಂಬಯಿಯಲ್ಲಿವೆ. ಜೊತೆಗೆ ಒಂದು ಗೋಣಿ ತೊಳೆದ ಪುಡಿಯನ್ನೂ ಕಟ್ಟಿಕೊಟ್ಟಿದ್ದೇನೆ. ತಮ್ಮನಿಗೆ ತನ್ನ ಕೈಯ ಮೇಲೆ ನಂಬಿಕೆ ಹೋಗಿಬಿಟ್ಟಿದೆ. ಪ್ರತಿ ಸಂಜೆ ಹೋಟೆಲಿನಿಂದ ಬಂದು, ಹಾಸನ್ನು ಹಿಂಡಿ, ಮುಷ್ಟಿ ಬಿಚ್ಚಿ ಫೋನಿಗೆ ಹಿಡಿಯುತ್ತಾನೆ. "ಅಕ್ಕ, ಸಮ ಇತ್ತಾ?" ಆಮೇಲೆ ಅವನ ಹೆಂಡತಿ ಬಂದು ಮಾತಾಡುತ್ತಾಳೆ, ವಡಾ ತಿಂದದ್ದು, ಪಾವ್ ಮಲಗಿದ್ದು, ಇಲ್ಲಿಯ ಮಳೆ, ಅಲ್ಲಿಯ ಸೆಕೆ, ಎಲ್ಲ ಆಗುತ್ತದೆ. ಉಂಡೆ ಪ್ರತಿ ಸಲವೂ ಸರಿಯಾಗಿಯೇ ಇರುತ್ತದೆ. ದೂರದಿಂದ ನೋಡಿದರೂ ನನಗೆ ಗೊತ್ತಾಗುತ್ತದೆ. ನಾನು ಕನ್ನಡಕ ಸರಿಮಾಡಿಕೊಂಡು, ಹತ್ತಿರ ಹಿಡಿ ಎಂದು, ಬಹಳ ಹೊತ್ತು ನೋಡಿ, "ಒಂಚೂರ್ ನೀರ್ ಜಾಸ್ತಿ ಆಯ್ತ್ ಕಾಣ್, ನಾಳೆ ಮತ್ ತೋರ್ಸ್" ಎನ್ನುತ್ತೇನೆ. ಸರಿಯಾಗಿದೆ ಎಂದುಬಿಟ್ಟರೆ ನಾಳೆ ಅವನು ಫೋನು ಮಾಡುವುದು ಯಾತಕ್ಕೆ?